ಅವ್ವನ ಹರಕೆ, ಓಣಿಯವರ ಸೇವೆ

ನಮ್ಮ ಕಡೆ ಯಾರಿಗಾದರೂ ದೊಡ್ಡ ಆಕ್ಸಿಡೆಂಟ್ ಆದರೆ ಆಸ್ಪತ್ರೆಯ ಹೊರಗೆ ಎರಡು ಕೆಲಸ ಒಟ್ಟಿಗೇ ಶುರುವಾಗುತ್ತವೆ. ಗಂಡಸರು ರಕ್ತಕ್ಕೆ ಓಡಾಡುತ್ತಾರೆ, ಹೆಣ್ಣುಮಕ್ಕಳು ಹರಕೆ ಹೊರುತ್ತಾರೆ. ಒಬ್ಬರು ಸವದತ್ತಿ ಯಲ್ಲಮ್ಮನಿಗೆ, ಇನ್ನೊಬ್ಬರು ನುಗ್ಗಿಕೇರಿ ಹನುಮಪ್ಪನಿಗೆ, ಮತ್ತೊಬ್ಬರು ಶಿಶುನಾಳದ ಗದ್ದಿಗೆಗೆ. ನಮ್ಮ ಅವ್ವ ಹೊತ್ತದ್ದು ಹುಬ್ಬಳ್ಳಿ ಮಠದ ಸಿದ್ಧಾರೂಢಜ್ಜನಿಗೆ. ಐಸಿಯು ಬಾಗಿಲ ಎದುರು ನೆಲದ ಮೇಲೆ ಕೂತು, ಸೆರಗು ಒಡ್ಡಿ, "ಅಜ್ಜಾ, ಮಗಾ ತನ್ನ ಕಾಲ ಮ್ಯಾಲೆ ಎದ್ದು ನಿಂತರ ಶ್ರಾವಣದಾಗ ನಿನ್ನ ಮಠಕ್ಕ ದೀಡ ನಮಸ್ಕಾರ ಹಾಕ್ತೀನಿ" ಅಂದಳು. ಅವಳ ವಯಸ್ಸೇನು, ಮಂಡಿನೋವೇನು, ಅದೆಲ್ಲಾ ಆಗ ಯಾರಿಗೂ ನೆನಪಾಗಲಿಲ್ಲ.

ಅಣ್ಣ ಧಾರವಾಡದಿಂದ ಬೈಕಿನಲ್ಲಿ ಬರುತ್ತಿದ್ದ. ಗಬ್ಬೂರಿನಿಂದ ನರೇಂದ್ರದವರೆಗಿನ ಆ ಹುಬ್ಬಳ್ಳಿ-ಧಾರವಾಡ ಬೈಪಾಸ್ ಬಗ್ಗೆ ಈ ಭಾಗದವರಿಗೆ ನಾನು ಹೇಳಬೇಕಾಗಿಲ್ಲ. ಹೋಗುವ ಬರುವ ಗಾಡಿಗಳಿಗೆ ಬಹಳ ವರ್ಷ ಎರಡೇ ಲೇನ್ ಇತ್ತು, ಎಷ್ಟು ಮನೆಗಳ ದೀಪ ಆರಿಸಿದೆ ಆ ರಸ್ತೆ. ಜನ ಬೀದಿಗಿಳಿದು ಕೇಳಿ ಕೇಳಿ ಈಗ ಆರು ಲೇನ್ ಕೆಲಸ ನಡೆದಿದೆ. ಅಣ್ಣನನ್ನು ರಸ್ತೆಯಿಂದ ಎತ್ತಿ, ಟೆಂಪೋ ನಿಲ್ಲಿಸಿ, ತೊಡೆಯ ಮೇಲೆ ತಲೆ ಇಟ್ಟುಕೊಂಡು ಆಸ್ಪತ್ರೆಗೆ ಕರೆತಂದವರು ಯಾರು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ನಾವು ತಲುಪುವ ಹೊತ್ತಿಗೆ ಅವರು ಹೋಗಿಬಿಟ್ಟಿದ್ದರು. ಅಣ್ಣನ ಮೊಬೈಲು, ಪಾಕೀಟು, ಒಂದು ಚಪ್ಪಲಿ, ಎಲ್ಲಾ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ನರ್ಸ್ ಕೈಗೆ ಕೊಟ್ಟಿದ್ದರು, ಪಾಕೀಟಿನಲ್ಲಿ ಒಂದು ರೂಪಾಯಿಯೂ ಕಡಿಮೆ ಇರಲಿಲ್ಲ. ಅವ್ವ ಮಾತ್ರ ಅವರು ಯಾರು ಅಂತ ಯಾವತ್ತೂ ಕೇಳಿಲ್ಲ. ಅವಳ ಪ್ರಕಾರ ಅವತ್ತು ಬಂದದ್ದು ಅಜ್ಜನೇ. ನನಗೂ ಅದರಲ್ಲಿ ಅನುಮಾನವಿಲ್ಲ, ಆದರೆ ಅಜ್ಜ ಬಂದದ್ದು ಒಬ್ಬ ದಾರಿಹೋಕ ಮನುಷ್ಯನ ಕೈಕಾಲಿನಲ್ಲಿ ಅನ್ನುವುದನ್ನು ಸೇರಿಸಿ ಹೇಳಬೇಕು ಅನ್ನಿಸುತ್ತದೆ.

ಇಲ್ಲಿ ಒಂದು ಮಾತು. ಬಿದ್ದವರನ್ನು ಎತ್ತಿದರೆ ಕೇಸಿಗೆ ಸಿಕ್ಕಿಕೊಳ್ಳುತ್ತೇವೆ ಅಂತ ಈಗಲೂ ಎಷ್ಟೋ ಜನ ಗಾಡಿ ನಿಲ್ಲಿಸುವುದಿಲ್ಲ. ಆ ಭಯ ಬೇಡ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಂ ಇಂಥವರಿಗೆ ರಕ್ಷಣೆ ಕೊಡುತ್ತದೆ, ನಮ್ಮ ರಾಜ್ಯದ್ದೇ 2016ರ ಕಾಯ್ದೆಯೂ ಇದೆ. ಹೆಸರು ವಿಳಾಸ ಕೊಡು ಅಂತ ಪೊಲೀಸರು ಒತ್ತಾಯ ಮಾಡುವಂತಿಲ್ಲ, ದುಡ್ಡು ಕಟ್ಟು ಅಂತ ಆಸ್ಪತ್ರೆಯವರು ಕೇಳುವಂತಿಲ್ಲ. 108ಕ್ಕೆ ಫೋನ್ ಮಾಡಿ, ಆಂಬ್ಯುಲೆನ್ಸ್ ಬರುವ ತನಕ ಹತ್ತಿರ ಕೂತರೂ ಅದೊಂದು ಪೂಜೆ.

ಆಸ್ಪತ್ರೆಯ ದಿನಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಆಗ ಜನ ಇದ್ದೇ ಇರುತ್ತಾರೆ. ಅಮರಗೋಳದ ಎಪಿಎಂಸಿಯಲ್ಲಿ ಅಣ್ಣ ಲೆಕ್ಕ ಬರೆಯುವ ದಲಾಲಿ ಅಂಗಡಿಯ ಹಮಾಲರು ರಕ್ತ ಕೊಡಲು ಸಾಲಾಗಿ ಬಂದು ನಿಂತರು. ಬಂಧುಗಳು ಬಂದರು, ಎಳನೀರು ಸೇಬು ಬಂತು. ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ತೊಡೆಯೊಳಗೆ ರಾಡು, ಮೊಳಕಾಲ ಕೆಳಗೆ ಹೊರಗಿನಿಂದ ರಿಂಗ್, ಎಲುಬಿನ ತನಕ ಹೋದ ಸೂಜಿಗಳು. ಎಲುಬು ಕೂಡುವುದಕ್ಕೆ ತಿಂಗಳುಗಟ್ಟಲೆ ಬೇಕು, ಅದಕ್ಕೆ ಅವಸರ ಅನ್ನುವುದೇ ಇಲ್ಲ. ಮೊದಲ ವಾರ ಮನೆ ತುಂಬಾ ಜನ. ಎರಡನೇ ತಿಂಗಳು ಫೋನು. ಆಮೇಲೆ ಅದೂ ಇಲ್ಲ. ತಪ್ಪು ಅಂತ ಹೇಳುತ್ತಿಲ್ಲ, ಎಲ್ಲರಿಗೂ ಅವರವರ ಸಂಸಾರ ಇದೆ. ಆದರೆ ಮಲಗಿದವನಿಗೆ ಮನುಷ್ಯರು ಬೇಕಾಗುವುದು ಆಗಲೇ ಅಲ್ವಾ.

ನಮ್ಮ ಹಳೇ ಹುಬ್ಬಳ್ಳಿ ಓಣಿ ಆಗ ಏನು ಮಾಡಿತು ಅಂತ ಹೇಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ.

ರಿಂಗ್ ಹಾಕಿದ ಕಾಲಿಗೆ ಯಾವ ಪ್ಯಾಂಟೂ ಏರುವುದಿಲ್ಲ. ಅಣ್ಣ ಲುಂಗಿ ಸುತ್ತಿಕೊಂಡೇ ಇರುತ್ತಿದ್ದ, ಯಾರಾದರೂ ಬಂದರೆ ಚಾದರ ಎಳೆದುಕೊಂಡು ಮುಖ ಗೋಡೆಗೆ ತಿರುಗಿಸುತ್ತಿದ್ದ. ಮೂಲೆಯ ಅಂಗಡಿಯ ಟೇಲರ್ ಕಾಕಾ ಒಂದು ಸಂಜೆ ಬಂದವರು ಚಹಾ ಕುಡಿದರು, ಅದೂ ಇದೂ ಮಾತಾಡಿದರು, ಹೋಗುವಾಗ ವೈನಿ, ಅಂದರೆ ಅಣ್ಣನ ಹೆಂಡತಿ, ಹತ್ತಿರ ಅಣ್ಣನ ಹಳೇ ಪ್ಯಾಂಟು ಇಸಿದುಕೊಂಡರು. ಎಡಗಾಲಿನ ಹೊರಗಿನ ಹೊಲಿಗೆಯನ್ನು ಸೊಂಟದಿಂದ ಕೆಳಗಿನ ತನಕ ಬಿಚ್ಚಿ, ನಡುವೆ ಅದೇ ಬಣ್ಣದ ಅಗಲದ ಪಟ್ಟಿ ಕೂಡಿಸಿ, ಉದ್ದಕ್ಕೂ ಟಿಚ್ ಬಟನ್ ಹಾಕಿ ತಂದುಕೊಟ್ಟರು. ಕಾಲು ಎತ್ತಬೇಕಾಗಿಲ್ಲ, ಕೆಳಗೆ ಹಾಸಿ ಮೇಲಿಂದ ಬಟನ್ ಒತ್ತಿದರೆ ಆಯಿತು. ರಿಂಗಿನ ಮೊಳೆಗಳಿಗೆ ಬಟ್ಟೆ ಸಿಕ್ಕದ ಹಾಗೆ ಒಳಗಡೆ ಮೆತ್ತನೆಯ ಅಸ್ತರು ಬೇರೆ. ದುಡ್ಡು ಎಷ್ಟು ಅಂದರೆ, "ಏ ತಂಗೀ, ಅಂವಾ ಅಂಗಡಿಗೆ ಹೋಗೂ ದಿನಾ ಹೊಸಾ ಪ್ಯಾಂಟ್ ಹೊಲಸ್ತಾನಲ್ಲಾ, ಆವಾಗ ತಗೋತೀನಿ" ಅಂದರು. ಅಣ್ಣ ಅವತ್ತು ಆ ಪ್ಯಾಂಟು ಹಾಕಿಕೊಂಡು ಅಂಗಳದಲ್ಲಿ ಬಂದು ಕೂತ. ಎಷ್ಟೋ ದಿನಗಳ ಮೇಲೆ ಹೊರಗಿನ ಬಿಸಿಲು ಕಂಡ.

ಸೂಜಿ ಹೋದ ಜಾಗಗಳನ್ನು ದಿನಾ ಸ್ವಚ್ಛ ಮಾಡಬೇಕು, ಇಲ್ಲದಿದ್ದರೆ ಕೀವು ತುಂಬುತ್ತದೆ. ವೈನಿಗೆ ಅದನ್ನು ನೋಡಿದರೆ ತಲೆ ಸುತ್ತು ಬರುತ್ತಿತ್ತು. ಹಿಂದಿನ ಓಣಿಯಲ್ಲಿ ನರ್ಸ್ ಕೆಲಸದಿಂದ ನಿವೃತ್ತಿಯಾದ ಒಬ್ಬ ಸಿಸ್ಟರ್ ಇದ್ದಾರೆ. ಬೆಳಿಗ್ಗೆ ಪೂಜೆ ಮುಗಿಸಿ ಬರುತ್ತಿದ್ದರು. ಕೈ ತೊಳೆಯುವುದು ಹೇಗೆ, ಒಂದು ಸೂಜಿಗೆ ಮುಟ್ಟಿಸಿದ ಹತ್ತಿ ಇನ್ನೊಂದಕ್ಕೆ ಯಾಕೆ ಮುಟ್ಟಿಸಬಾರದು, ಸುತ್ತ ಕೆಂಪಾದರೆ, ಬಿಸಿಯಾದರೆ ಯಾವಾಗ ಡಾಕ್ಟರ್ ಹತ್ತಿರ ಓಡಬೇಕು, ಎಲ್ಲಾ ವೈನಿಗೆ ಕಲಿಸಿದರು. ತಾವೇ ಮಾಡಿ ಹೋಗಬಹುದಿತ್ತು, ಬೇಗ ಮುಗಿಯುತ್ತಿತ್ತು. ವೈನಿಯ ಕೈ ನಡುಗುವುದು ನಿಲ್ಲುವ ತನಕ ಪಕ್ಕದಲ್ಲಿ ನಿಂತು ಅವಳಿಂದಲೇ ಮಾಡಿಸಿದರು. ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತಿದ್ದ ಆಟೋ ಚಾಚಾ ತಮ್ಮ ಮನೆಯ ದಿಂಬು ತಂದು ಕಾಲ ಕೆಳಗೆ ಇಡುತ್ತಿದ್ದರು, ಹಂಪ್ ಬಂದಾಗಲೆಲ್ಲಾ "ಅಣ್ಣಾರ, ಬಂತ್ರೀ" ಅಂತ ಮೊದಲೇ ಹೇಳುತ್ತಿದ್ದರು. ಆ ಒಂದು ಮಾತಿನಿಂದ ಹಲ್ಲು ಕಚ್ಚಿಕೊಳ್ಳಲು ಸಮಯ ಸಿಗುತ್ತಿತ್ತು ಅಂತ ಅಣ್ಣ ಈಗಲೂ ನೆನೆಯುತ್ತಾನೆ. ರಮ್ಜಾನ್ ಉಪವಾಸದಲ್ಲೂ ಅವರು ಒಂದು ದಿನ ತಪ್ಪಿಸಲಿಲ್ಲ.

ನೋವಾಗುವ ಮಾತುಗಳೂ ಬಂದವು. ಯಾವ ಜನ್ಮದ ಪಾಪವೋ, ಯಾರ ದೃಷ್ಟಿಯೋ, ಕುಲದೇವರ ಸೇವೆ ಬಿಟ್ಟಿರಬೇಕು ಅಂತ. ಹೇಳಿದವರು ಕೆಟ್ಟವರಲ್ಲ, ಏನು ಮಾತಾಡಬೇಕು ಅಂತ ತೋಚದೆ ಬಾಯಿಗೆ ಬಂದದ್ದು ಅಂದರು. ಆದರೆ ರಾತ್ರಿಯೆಲ್ಲಾ ನೋವಿನಲ್ಲಿ ನಿದ್ದೆ ಬಾರದವನು ಆ ಮಾತನ್ನೇ ಮೆಲುಕು ಹಾಕುತ್ತಾನೆ. ನನ್ನ ಭಕ್ತಿ ಇಷ್ಟನ್ನು ಮಾತ್ರ ಗಟ್ಟಿಯಾಗಿ ಹೇಳುತ್ತದೆ: ದೇವರು ಲಾರಿ ಕಳಿಸಿ ಯಾರ ಕಾಲನ್ನೂ ಮುರಿಸುವುದಿಲ್ಲ. ಅಜ್ಜ ಹೇಳಿದ ವೇದಾಂತವೂ ಎಲ್ಲರೊಳಗೂ ಇರುವುದು ಒಬ್ಬನೇ ಶಿವ ಅನ್ನುವುದಲ್ವಾ. 1836ರಲ್ಲಿ ಬೀದರ ಸೀಮೆಯಲ್ಲಿ ಹುಟ್ಟಿ, ಊರೂರು ತಿರುಗಿ, ಹುಬ್ಬಳ್ಳಿಗೆ ಬಂದು ನೆಲೆ ನಿಂತವರು ಅವರು. ಓಂ ನಮಃ ಶಿವಾಯ ಅನ್ನುವುದನ್ನು ಜಾತಿ ಕೇಳದೆ ಎಲ್ಲರ ಬಾಯಿಗೂ ಕೊಟ್ಟರು. ಮಠದಲ್ಲಿ ಅನ್ನ ದಾಸೋಹ ಇಂದಿಗೂ ನಡೆದಿದೆ, ಪಂಕ್ತಿಯಲ್ಲಿ ಕೂತವರನ್ನು ನಿನ್ನ ಕಷ್ಟಕ್ಕೆ ಕಾರಣ ಏನು ಅಂತ ಯಾರೂ ಕೇಳುವುದಿಲ್ಲ. ಮೊದಲು ಎಲೆ ಹಾಕುತ್ತಾರೆ.

ಅಣ್ಣನಿಗೆ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಕೆಲಸವಿಲ್ಲದೆ ಇರುವುದು. ದುಡಿದ ಕೈ. ಎಲ್ಲರೂ ಪಾಪ ಪಾಪ ಅನ್ನುತ್ತಿದ್ದರೆ ಮನುಷ್ಯ ಒಳಗೊಳಗೇ ಸಣ್ಣವನಾಗುತ್ತಾನೆ. ಗದಗಿನಿಂದ ಬಂದ ಸೋದರಮಾವ ಇದನ್ನು ಒಂದೇ ನೋಟದಲ್ಲಿ ಹಿಡಿದರು. ಅವರು ವೀರೇಶ್ವರ ಪುಣ್ಯಾಶ್ರಮದ ಭಕ್ತರು. ಆ ಆಶ್ರಮ ನಡೆಸಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ನಾಟಕ ಕಂಪನಿ ಕಟ್ಟಿ, ಭಿಕ್ಷೆ ಎತ್ತಿ, ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. 2010ರಲ್ಲಿ ಪುಟ್ಟರಾಜರು ಲಿಂಗೈಕ್ಯರಾಗುವ ಹೊತ್ತಿಗೆ ಅಲ್ಲಿ ಕಲಿತವರು ನಾಡಿನ ಎಲ್ಲಾ ಕಡೆ ಹಾಡಿ, ಪಾಠ ಹೇಳಿ ಜೀವನ ಮಾಡುತ್ತಿದ್ದರು. ಮಾವ ಅಂಗಡಿ ಮಾಲಕರಿಗೆ ಫೋನ್ ಹಚ್ಚಿ, "ಕಾಲು ಮುರದೈತ್ರೀ, ಕೈ ಮುರದಿಲ್ಲ. ಕೀರ್ದಿ ಖತಾವಣಿ ಮನೀಗೆ ಕಳಸ್ರಿ" ಅಂದರು. ಮರುದಿನವೇ ಇಬ್ಬರು ಹಮಾಲರು ಪುಸ್ತಕಗಳನ್ನು ಹೊತ್ತು ತಂದರು. ಹಾಸಿಗೆಗೆ ಅಡ್ಡಲಾಗಿ ಹಲಗೆ ಇಟ್ಟುಕೊಂಡು ಅಣ್ಣ ಶೇಂಗಾ, ಹತ್ತಿ, ಒಣಮೆಣಸಿನಕಾಯಿಯ ಲೆಕ್ಕ ಬರೆಯತೊಡಗಿದ. ಅವತ್ತಿನಿಂದ ಅವನ ದನಿಯೇ ಬದಲಾಯಿತು, ವೈನಿಗೆ ಹೆದರಿಕೊಂಡು ಮಾತಾಡುವುದು ತಪ್ಪಿತು.

ಶ್ರಾವಣ ಬಂತು. ಅಜ್ಜ ಸಮಾಧಿಯಾದದ್ದು 1929ರ ಶ್ರಾವಣದಲ್ಲಿ, ಅದಕ್ಕೇ ಈ ತಿಂಗಳು ಮಠಕ್ಕೆ ಅಷ್ಟು ದೊಡ್ಡದು. ಹೊಂಡದಲ್ಲಿ ಜಲರಥೋತ್ಸವ, ಸುತ್ತ ಎಲ್ಲಿ ನೋಡಿದರಲ್ಲಿ ಜನ, ತೇರಿನ ಮೇಲೆ ಉತ್ತತ್ತಿ ಬಾಳೆಹಣ್ಣು ಎಸೆಯುವವರ ಹರಹರ ಮಹಾದೇವ. ಅಣ್ಣನ ರಿಂಗ್ ತೆಗೆದಿದ್ದರು, ವಾಕರ್ ಹಿಡಿದು ನಿಲ್ಲುತ್ತಿದ್ದ. ಅಷ್ಟು ಸಾಕು ಅಂದಳು ಅವ್ವ, ಎದ್ದು ನಿಂತರೆ ಅಂತ ಬೇಡಿದ್ದೆ, ನಿಂತಾನೆ. ಬೇಡ ಅಂದರೆ ಕೇಳುವವಳಲ್ಲ. ಗದ್ದಲದ ದಿನ ಬಿಟ್ಟು ಒಂದು ಸೋಮವಾರ ಬೆಳಗಿನ ಜಾವ ಹೋದೆವು. ಒದ್ದೆ ಸೀರೆಯಲ್ಲಿ ನೆಲಕ್ಕೆ ಉದ್ದಕ್ಕೆ ಮಲಗಿ, ಚಾಚಿದ ಕೈ ಮುಟ್ಟಿದಲ್ಲಿ ಗೆರೆ ಎಳೆದು, ಎದ್ದು, ಆ ಗೆರೆಗೆ ಬಂದು ನಿಂತು, ಮತ್ತೆ ಮಲಗಬೇಕು. ಮಹಾದ್ವಾರದಿಂದ ಗದ್ದುಗೆಯ ತನಕ. ಅರ್ಧ ದಾರಿಗೆ ಅವಳ ಮಂಡಿ ಕೈಕೊಟ್ಟಿತು, ಏಳಲು ಆಗಲಿಲ್ಲ.

ನಾನು ಓಡುವಷ್ಟರಲ್ಲಿ ಹಿಂದಿನಿಂದ ಬಂದ ಒಬ್ಬ ಹೆಣ್ಣುಮಗಳು ಅವ್ವನ ತೋಳು ಹಿಡಿದಳು. ಕುಂದಗೋಳದ ಕಡೆಯವಳಂತೆ, ಅವಳೂ ದೀಡ ನಮಸ್ಕಾರ ಹಾಕುತ್ತಾ ಬಂದವಳು, ಮೈಯೆಲ್ಲಾ ಮಣ್ಣು. "ಏಳ್ರಿ ಯವ್ವಾ, ನಿಮ್ಮ ಗೆರಿ ನಾ ಎಳೀತೀನಿ" ಅಂದಳು. ಅಲ್ಲಿಂದ ಮುಂದೆ ಅವ್ವ ಮಲಗುವುದು, ಅವಳು ಗೆರೆ ಎಳೆಯುವುದು, ಎಬ್ಬಿಸುವುದು, ಆಮೇಲೆ ತನ್ನದು ತಾನು ಮಲಗುವುದು. ಅವಳದು ಯಾರ ಸಲುವಾಗಿ ಹೊತ್ತ ಹರಕೆ ಅಂತ ಅವ್ವ ಕೇಳಿದ್ದಕ್ಕೆ, ಮಗಳ ಗಂಡ ಟ್ರ್ಯಾಕ್ಟರ್‌ನಿಂದ ಬಿದ್ದು ಇನ್ನೂ ಹಾಸಿಗೆಯಲ್ಲೇ ಇದ್ದಾನೆ ಅಂದಳು. ಅವಳ ಹರಕೆ ಇನ್ನೂ ಫಲಿಸಿರಲಿಲ್ಲ, ಬೇಡಿಕೊಳ್ಳಲೆಂದೇ ಬಂದಿದ್ದಳು. ಗದ್ದುಗೆಯ ಮುಂದೆ ಅವ್ವ ತನ್ನ ಮಗನ ಹೆಸರು ಹೇಳುವ ಮೊದಲು ಆ ಅಳಿಯನ ಹೆಸರು ಹೇಳಿ ಹಣೆ ಹಚ್ಚಿದಳು. ಫೋನ್ ನಂಬರ್ ಇಸಿದುಕೊಂಡಳು. ಈಗ ವಾರಕ್ಕೊಮ್ಮೆ ಇಬ್ಬರೂ ಮಾತಾಡುತ್ತಾರೆ, ಸಿಸ್ಟರ್ ಕಲಿಸಿದ್ದನ್ನೆಲ್ಲಾ ವೈನಿ ಫೋನಿನಲ್ಲೇ ಅವರ ಮಗಳಿಗೆ ಹೇಳಿಕೊಡುತ್ತಾಳೆ.

ಅಣ್ಣನ ಮೊಳಕಾಲು ಪೂರ್ತಿ ಮಡಚುವುದಿಲ್ಲ, ನೆಲದ ಮೇಲೆ ಪಂಕ್ತಿಯಲ್ಲಿ ಕೂರಲು ಆಗುವುದಿಲ್ಲ. ಅವತ್ತು ದಾಸೋಹದಲ್ಲಿ ಅವನು ಬಾಗಿಲ ಹತ್ತಿರವೇ ಹಿಂಜರಿದು ನಿಂತಿದ್ದ. ಬಡಿಸುತ್ತಿದ್ದ ಹಿರಿಯರೊಬ್ಬರು ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಮೂಲೆಯಲ್ಲಲ್ಲ, ಪಂಕ್ತಿಯ ತುದಿಯಲ್ಲೇ ಹಾಕಿದರು, ಎಲ್ಲರ ಸಾಲಿನಲ್ಲೇ ಬರುವ ಹಾಗೆ. ಊಟ ಆದ ಮೇಲೆ ಕಾಯಿಪಲ್ಲೆ ಹೆಚ್ಚುವವರ ಹತ್ತಿರ ಅದೇ ಕುರ್ಚಿ ಒಯ್ದು ಅಣ್ಣ ಬದನೆಕಾಯಿ ಹೆಚ್ಚಲು ಕೂತ. ಈಗ ಕೋಲು ಹಿಡಿದು ನಡೆಯುತ್ತಾನೆ, ರಜೆ ಸಿಕ್ಕ ಸೋಮವಾರಗಳಲ್ಲಿ ಅಲ್ಲಿಗೆ ಹೋಗಿ ಹೆಚ್ಚುತ್ತಾನೆ.

ಈ ಶ್ರಾವಣಕ್ಕೆ ಮಠಕ್ಕೆ ಬರುವವರಿಗೆ ಒಂದು ಕೋರಿಕೆ ಇದೆ. ನಿಮ್ಮ ಓಣಿಯಲ್ಲಿ ಯಾರಾದರೂ ಬಿದ್ದು ಎದ್ದು ಮನೆಯಲ್ಲೇ ಇದ್ದರೆ, ಬರ್ತೀರೇನು ಅಂತ ಒಮ್ಮೆ ಕೇಳಿ ನೋಡಿ. ಬೇಡ ಅಂದರೆ ಪ್ರಸಾದ ಒಯ್ದು ಕೊಡಿ, ಸ್ವಲ್ಪ ಹೊತ್ತು ಕೂತು ಬನ್ನಿ, ಅದು ಹೇಗಾಯಿತು ಅಂತ ಮಾತ್ರ ಮತ್ತೆ ಕೇಳಬೇಡಿ. ಬರ್ತೀನಿ ಅಂದರೆ ಜಲರಥೋತ್ಸವದ ಗದ್ದಲದಲ್ಲಿ ಬೇಡ, ಬೆಳಿಗ್ಗೆ ಬೇಗ ಕರೆತನ್ನಿ. ಮಡಚುವ ಕುರ್ಚಿ ಇದ್ದರೆ ಆಟೋದಲ್ಲಿ ಹಾಕಿಕೊಂಡು ಬನ್ನಿ.