ಯಜಮಾನ್ರು ಮೂಟೆ ಹೊರ್ತಾರಾ?

ನಾಲ್ಕು ದಿನದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಯಜಮಾನ್ರು ಮೂಟೆ ಹೊರ್ತಾರಾ ಸ್ವಾಮಿ?" ಕೇಳಿದ್ದು ಆಟೋ ಎಲೆಕ್ಟ್ರಿಷಿಯನ್ ಭಾಯಿ. ಮಾತು ಬಂದಿದ್ದು ಒಂದು ಕರಗಿಹೋದ ಫ್ಯಾನ್ ಸ್ವಿಚ್ಚಿನ ಮೇಲೆ.

ನಾನೂ ನನ್ನ ಭಾವಮೈದನೂ ಪಾಲಿನಲ್ಲಿ ಭತ್ತ ಕುಯ್ಯೋ ಹಳೇ ಮೆಷಿನ್ ತಗೊಂಡು ಎರಡು ವರ್ಷ ಆಯ್ತು. ಸುತ್ತ ಗಾಜಿನ ಕ್ಯಾಬಿನ್, ರಸ್ತೆಯಲ್ಲಿ ಹೋದರೆ ಜನ ತಿರುಗಿ ನೋಡ್ತಾರೆ. ಬೇಸಿಗೆ ಬೆಳೆಗೆ ಅಂತ ಪಾಂಡವಪುರದ ಕಡೆ ನಾಲೆ ಬಯಲಿಗೆ ಇಳಿಸಿದ್ದೆವು. ಓಡಿಸೋನು ಮಳವಳ್ಳಿ ಕಡೆ ಹುಡುಗ. ಮೂರು ವಾರದ ಹಿಂದೆಯೇ ಹೇಳಿದ್ದ, "ಅಣ್ಣ, ಫ್ಯಾನ್ ಸ್ವಿಚ್ ಮುಟ್ಟಕ್ಕಾಗಲ್ಲ, ಕಾದಿರ್ತದೆ. ಸುಟ್ಟ ವಾಸ್ನೆ ಬೇರೆ."

ನಾನೇನಂದೆ? "ನಮ್ಮಪ್ಪ ನಲವತ್ತು ವರ್ಷ ಎತ್ತಿನ ಹಿಂದೆ ಬಿಸಿಲಲ್ಲಿ ನಡೆದ. ಒಂದಿನ ಫ್ಯಾನ್ ಕೇಳ್ಲಿಲ್ಲ ಕಣ್ಲಾ." ನಗ್ತಾ ಅಂದಿದ್ದು. ಅವನೂ ನಕ್ಕ. ಆಮೇಲೆ ಫ್ಯೂಸ್ ಪದೇ ಪದೇ ಹೋಗೋಕೆ ಶುರುವಾಯ್ತು. 15 ಆಂಪಿಯರ್ ಇದ್ದ ಜಾಗಕ್ಕೆ 30ರದ್ದು ತುರುಕಿ ಕೈ ತೊಳೆದುಕೊಂಡೆ. ಫ್ಯೂಸ್ ಹೋಗೋದು ನಿಂತಿತು, ಸ್ವಿಚ್ ಕರಗಿತು. ಹುಡುಗ ಎರಡು ದಿನ ಬಾಗಿಲು ತೆಗೆದುಕೊಂಡೇ ಕುಯ್ದ.

ಭಾವಮೈದನ ವಿಷಯ ಹೇಳಲೇಬೇಕು. ಒಳ್ಳೆಯವನು, ಆದರೆ ಫೋನಲ್ಲಿ ಒಂದು ವಿಡಿಯೋ ನೋಡಿದರೆ ಇಂಜಿನಿಯರ್ ಆಗಿಬಿಡ್ತಾನೆ. "ರಿಲೇ ಹಾಕಿದ್ರೆ ಮುಗೀತು ಭಾವ" ಅಂತ ಹೊಸ ಸ್ವಿಚ್ಚು, ವೈರ್ ಸಿಕ್ಕಿಸೋಕೆ ಐದು ಕಾಲಿರೋ ಕರೀ ಡಬ್ಬಿಯಂಥ ರಿಲೇ ತಂದು ತಾನೇ ಕಟ್ಟಿದ. ಸ್ವಿಚ್ ಹಾಕಿದರೆ ಫ್ಯಾನ್ ನಿಲ್ತದೆ, ಆರಿಸಿದರೆ ತಿರುಗ್ತದೆ! "ಉಲ್ಟಾ ಆದ್ರೇನು, ತಿರುಗ್ತದಲ್ಲ" ಅಂದ. ಸಂಜೆ ಹುಡುಗ ಕೀ ತೆಗೆದು ಬಾಗಿಲು ಹಾಕಿ ಇಳಿದಿದ್ದಾನೆ. ಕೀ ಹೋದದ್ದೇ ಫ್ಯಾನ್ ಶುರು. ಪಕ್ಕದ ಗದ್ದೆಯ ಪಂಪಿನ ಸದ್ದಲ್ಲಿ ಯಾರಿಗೂ ಕೇಳಲಿಲ್ಲ. ರಾತ್ರಿಯೆಲ್ಲ ಖಾಲಿ ಕುರ್ಚಿಗೆ ಗಾಳಿ ಬೀಸಿ, ಬೆಳಿಗ್ಗೆ ಹೊತ್ತಿಗೆ ಬ್ಯಾಟರಿ ಸತ್ತಿತ್ತು.

ಭಾಯಿ ಟಿವಿಎಸ್ ಮೇಲೆ ಇನ್ನೊಂದು ಬ್ಯಾಟರಿ ಇಟ್ಟುಕೊಂಡು ಬಂದ. ಮೊದಲು ಕರಗಿದ ಸ್ವಿಚ್ಚನ್ನ ಅಂಗೈಲಿ ಇಟ್ಟುಕೊಂಡು ನೋಡಿದ. ಒಂದು ಕಾಲು ಪ್ಲಾಸ್ಟಿಕ್ ಒಳಗೇ ಓರೆಯಾಗಿ ಮುಳುಗಿತ್ತು.

"ಫ್ಯಾನಿನ ಕರೆಂಟೆಲ್ಲ ಇದರ ಮೇಲೇ ಹಾಯಿಸಿದ್ದೀರಲ್ಲ. ಯಜಮಾನ್ರು ಮೂಟೆ ಹೊರ್ತಾರಾ ಸ್ವಾಮಿ? ಅವರು ಎತ್ತು ಅಂತಾರೆ ಅಷ್ಟೆ. ಹೊರೋನು ಬೇರೆ."

ಹೊರೋನು ಅಂದರೆ ಆ ಕರೀ ಡಬ್ಬಿ, ರಿಲೇ. ತಿರುಗಿಸಿ ಕಾಲಿನ ಪಕ್ಕದ ನಂಬರ್ ತೋರಿಸಿದ. 85, 86 ಒಳಗಿನ ಸುರುಳಿಯವು; ಸ್ವಿಚ್ಚಿನಿಂದ 0.25 ಆಂಪಿಯರ್ ಸಿಕ್ಕರೂ ಸಾಕು, ಸುರುಳಿ ಅಯಸ್ಕಾಂತವಾಗಿ ಒಳಗಿನ ನಾಲಿಗೆಯನ್ನ ಎಳೀತದೆ. ಆಗ 30ಕ್ಕೂ 87ಕ್ಕೂ ಸೇರಿ, ಬ್ಯಾಟರಿಯಿಂದ ಬಂದ ಕರೆಂಟು ಸ್ವಿಚ್ಚಿನ ಗೊಡವೆಯಿಲ್ಲದೆ ನೇರ ಫ್ಯಾನಿಗೆ. ನಮ್ಮ ನೀರುಗಂಟಿ ತೂಬಿನ ಚಕ್ರ ತಿರುಗಿಸಿದ ಹಾಗೆ. ನಾಲೆ ನೀರನ್ನ ಅವನು ಹೊರಬೇಕಾಗಿಲ್ಲ. ಭಾವಮೈದ ಫ್ಯಾನಿನ ವೈರನ್ನ ನಡುವಿನ 87ಎಗೆ ಸಿಕ್ಕಿಸಿದ್ದ. ಅದು ಸುರುಳಿಗೆ ಕರೆಂಟಿಲ್ಲದಾಗ 30ಕ್ಕೆ ಸೇರಿರೋ ಕಾಲು. ಕೀ ತೆಗೆದು ಸುರುಳಿಯ ಕರೆಂಟು ಹೋದದ್ದೇ ಫ್ಯಾನ್ ಶುರುವಾಗಿದ್ದು ಅದಕ್ಕೇ.

ಕಾಲು ಬದಲಾಯಿಸಿ ಹೊರಟುಬಿಡ್ತಾನೆ ಅಂದುಕೊಂಡೆ. ಇಲ್ಲ. ಇಂಜಿನ್ ಚಾಲೂ ಮಾಡಿ ಅಳೆದ: ಬ್ಯಾಟರಿಯಲ್ಲಿ 13.8 ವೋಲ್ಟ್, ಹಳೇ ವೈರ್ ದಾಟಿ ಫ್ಯಾನ್ ಹತ್ತಿರ ಬರೋ ಹೊತ್ತಿಗೆ 10.9. "ಹೊರೋನಿಗೆ ದಾರಿ ಅಗಲ ಬೇಕು" ಅಂತ 4 ಎಂಎಂ ವೈರ್ ಎಳೆದ. ಬ್ಯಾಟರಿಯ ಪಕ್ಕದಲ್ಲೇ 20ರ ಫ್ಯೂಸ್ ಕೂರಿಸಿದ. ನನ್ನ 30ರದ್ದನ್ನ ಕಿತ್ತು ನನ್ನ ಕೈಗೇ ಕೊಟ್ಟ. "ಫ್ಯೂಸ್ ಇರೋದು ವೈರ್ ಉಳಿಸೋಕೆ. ಸುತ್ತ ಒಣಹುಲ್ಲು, ಹೊಟ್ಟು. ವೈರ್ ಹತ್ತಿಕೊಂಡಿದ್ರೆ?" ಅರ್ತ್ ಜಾಗದಲ್ಲಿ ಪೇಂಟಿನ ಮೇಲೇ ಬೋಲ್ಟ್ ಬಿಗಿದಿದ್ದರು. ಉಪ್ಪುಕಾಗದದಿಂದ ಬೆಳ್ಳಗೆ ಕಬ್ಬಿಣ ಕಾಣೋವರೆಗೂ ಉಜ್ಜಿ, ವೈರಿನ ತುದಿಗೆ ತಿಂಬಲ್ ಅನ್ನೋ ಲೋಹದ ಬಳೆ ಹಾಕಿ ಬಿಗಿದ. ಫ್ಯಾನ್ ಬಿಚ್ಚಿದರೆ ಒಳಗೆ ಒಂದು ಹಿಡಿ ಸುಂಕು, ಭತ್ತದ ಮೈ ಕಡಿಯೋ ಧೂಳು. ಅದಕ್ಕೇ ಮೋಟರ್ ತಿಣುಕುತ್ತಿತ್ತಂತೆ. ಎಲ್ಲ ಮುಗಿಸಿ ಅಳೆದರೆ 13.4. ಸ್ವಿಚ್ ಒತ್ತಿದರೆ ಎಲ್ಲೋ ಸೀಟಿನ ಹಿಂದೆ 'ಟಿಕ್' ಅಂತ ಸದ್ದು, ಗಾಳಿ ರೊಯ್ಯನೆ ಬಂತು.

ಆ ಹುಡುಗನ ಮುಖ ನಾನು ಸರಿಯಾಗಿ ನೋಡಿದ್ದು ಆಗಲೇ. ಕಣ್ಣು ಕೆಂಡ, ಕತ್ತಿನ ಸುತ್ತ ಸುಂಕು ಕಚ್ಚಿ ಗಂಧೆ ಎದ್ದಿತ್ತು. ಎರಡು ದಿನ ಬಾಗಿಲು ತೆಗೆದು ಓಡಿಸಿದ್ದರ ಲೆಕ್ಕ.

ಭಾಯಿ ಮಾತಾಡಿದ್ದು ಸ್ವಿಚ್ಚಿಗೆ, ಅದು ನನಗೂ ಗೊತ್ತು. ಆದರೂ ರಾತ್ರಿ ಮಲಗಿದರೆ ಅದೇ. ಯಜಮಾನ್ರು ಮೂಟೆ ಹೊರ್ತಾರಾ? ನಮ್ಮಪ್ಪನೂ ಕುಯ್ಲಿನ ದಿನ "ಹತ್ತಾಳಿಗೆ ಊಟ" ಅಂತ ಒಂದು ಮಾತು ಕೂಗಿ ಹೋಗ್ತಿದ್ದ. ಮುದ್ದೆ ತಿರುವಿ, ಕುಕ್ಕೆ ತಲೆ ಮೇಲಿಟ್ಟುಕೊಂಡು ಬದುವಿನ ಮೇಲೆ ಬರ್ತಿದ್ದಿದ್ದು ಅವ್ವ. ಅವಳ ಕತ್ತು ನೋಯ್ತದಾ ಅಂತ ನಾವ್ಯಾರೂ ಕೇಳಿದ ನೆನಪಿಲ್ಲ. ನಾನು ಅಪ್ಪನ ಬಿಸಿಲಿನ ಕಥೆ ಮಾತ್ರ ಹಿಡಿದುಕೊಂಡು ಬಂದೆ, ಅದನ್ನೂ ಅರ್ಧ.

ಅರ್ಧ ಅಂತ ತೋರಿಸಿದ್ದು ಆ ಹುಡುಗನೇ. ಮಾರನೇ ದಿನ ಒಂದು ಸುತ್ತು ನಾನೂ ಕ್ಯಾಬಿನ್ ಹತ್ತಿ ಪಕ್ಕದಲ್ಲಿ ನಿಂತೆ. ಬಾಗಿಲು ಹಾಕಿತ್ತು, ಫ್ಯಾನ್ ತಿರುಗುತ್ತಿತ್ತು. ಗದ್ದೆ ಮೂಲೆಯಲ್ಲಿ ಮೆಷಿನ್ ತಿರುಗಿಸ್ತಾ, ಮುಂದಿನ ಪೈರಿನ ಮೇಲೇ ಕಣ್ಣಿಟ್ಟು ಕೇಳಿದ:

"ಅಣ್ಣ, ನಿಮ್ಮಪ್ಪ ಮಧ್ಯಾನ ಎತ್ತು ಬಿಟ್ಟು ಹೊಂಗೆ ಮರದಡಿ ಕೂರ್ತಿರ್ಲಿಲ್ವಾ?"

ಹೌದು, ಕೂರ್ತಿದ್ದ. ಮೂರು ಗಂಟೆವರೆಗೂ.