ಉಚಿತ ಹಿನ್ನೆಲೆ ವಿನ್ಯಾಸದಲ್ಲಿ ಗೆರೆ ಕಾಣುವುದೇಕೆ?

‘ಉಚಿತವಾಗಿ ಸಿಕ್ಕ ಹಿನ್ನೆಲೆ ವಿನ್ಯಾಸದ ಹೆಸರಿನಲ್ಲೇ ಸೀಮ್‌ಲೆಸ್, ಅಂದರೆ ಜೋಡಿಸಿದರೂ ಅಂಚು ಕಾಣದ್ದು, ಎಂದಿತ್ತು, ಆದರೂ ಪುಟಕ್ಕೆ ಹಾಕಿದರೆ ಚೌಕ ಚೌಕವಾಗಿ ಗೆರೆ ಕಾಣುತ್ತಿದೆ, ಏಕೆ?’ ಎಂದು ಜಾಲತಾಣ ರೂಪಿಸುವವರೂ ಶುಭಾಶಯ ಪತ್ರ, ಉಡುಗೊರೆಯ ಕಾಗದ ತಯಾರಿಸುವವರೂ ನನ್ನನ್ನು ಮತ್ತೆ ಮತ್ತೆ ಕೇಳುತ್ತಾರೆ. ಬಳಸುವ ಮೊದಲು ಚಿತ್ರವನ್ನು ಅರ್ಧಕ್ಕೆ ಸರಿಸಿ ನೋಡಿ ಎಂಬುದೇ ನನ್ನ ಉತ್ತರ.

ಬ್ರೌಸರ್ ಒಂದು ಸಣ್ಣ ಚಿತ್ರವನ್ನೇ ಅಡ್ಡಕ್ಕೂ ಉದ್ದಕ್ಕೂ ಸಾಲಾಗಿ ಹಾಸುತ್ತಾ ಹೋಗುತ್ತದೆ. ಆದ್ದರಿಂದ ಬಲ ಅಂಚಿನಲ್ಲಿ ತುಂಡಾದ ಎಲೆಯ ಉಳಿದ ಭಾಗ ಅದೇ ಎತ್ತರದಲ್ಲಿ ಎಡ ಅಂಚಿನಿಂದ ಹೊರಡಬೇಕು; ಮೇಲಂಚಿಗೂ ಕೆಳಅಂಚಿಗೂ ಇದೇ ನಿಯಮ. ದೊಡ್ಡ ಚಿತ್ರವೊಂದರಿಂದ ಚೌಕವನ್ನು ಕತ್ತರಿಸಿದ ಮಾತ್ರಕ್ಕೆ ಈ ಹೊಂದಿಕೆ ಬರುವುದಿಲ್ಲ. ಉಚಿತ ತಂತ್ರಾಂಶವಾದ ಗಿಂಪ್‌ನಲ್ಲಿ ಲೇಯರ್ ಮೆನುವಿನ ಟ್ರಾನ್ಸ್‌ಫಾರ್ಮ್ ಅಡಿಯಲ್ಲಿರುವ ಆಫ್‌ಸೆಟ್ ಎಂಬ ಆಯ್ಕೆಯಿಂದ, 512 ಪಿಕ್ಸೆಲ್‌ನ ಚೌಕವನ್ನು ಎರಡೂ ದಿಕ್ಕಿನಲ್ಲಿ 256 ಪಿಕ್ಸೆಲ್ ಸರಿಸಿದರೆ, ಹೊರಗಿದ್ದ ನಾಲ್ಕು ಮೂಲೆಗಳೂ ನಡುವೆ ಬಂದು ಕೂಡುತ್ತವೆ. ದೋಷವಿದ್ದರೆ ಅಲ್ಲೊಂದು ಕೂಡಿಸುವ ಚಿಹ್ನೆ ಎದ್ದು ಕಾಣುತ್ತದೆ.

ಅಂಚು ಕೂಡಿದರೂ ಕೆಲವೊಮ್ಮೆ ಕಣ್ಣಿಗೆ ಕಿರಿಕಿರಿ ತಪ್ಪುವುದಿಲ್ಲ. ಜಲವರ್ಣದ ಬಳ್ಳಿಯ ವಿನ್ಯಾಸವೊಂದರಲ್ಲಿ ಪ್ರತಿ ಎಲೆಯೂ ಸರಿಯಾಗಿಯೇ ಸೇರಿತ್ತು. ಆದರೆ ಚೌಕದ ನಡುಭಾಗ ಅಂಚುಗಳಿಗಿಂತ ಒಂದಿಷ್ಟು ತಿಳಿಯಾಗಿದ್ದುದರಿಂದ, ಪುಟದ ತುಂಬ ಹಾಸಿದಾಗ ಮೇಲಿನಿಂದ ಕೆಳಗಿನವರೆಗೆ ಪಟ್ಟೆಗಳು ಮೂಡಿದವು. ಬಿಡಿ ಚಿತ್ರವನ್ನು ಎಷ್ಟು ಹೊತ್ತು ನೋಡಿದ್ದರೂ ಅದು ನನಗೆ ತಿಳಿಯುತ್ತಿರಲಿಲ್ಲ. ಹಾಗೆಯೇ, ಸಣ್ಣ ಹೂಗಳ ನಡುವೆ ಒಂದೇ ಒಂದು ದೊಡ್ಡ ಕೆಂಪು ಹೂವಿದ್ದರೆ ಅದೇ ಸಾಲುಗಟ್ಟಿ ನಿಲ್ಲುತ್ತದೆ. ಬಟ್ಟೆ ಮತ್ತು ಗೋಡೆಕಾಗದದ ವಿನ್ಯಾಸಕಾರರು ಪಕ್ಕದ ಸಾಲನ್ನು ಅರ್ಧದಷ್ಟು ಕೆಳಗಿಳಿಸುವ ಹಾಫ್ ಡ್ರಾಪ್ ಕ್ರಮವನ್ನು ಅನುಸರಿಸುವುದು ಇದನ್ನು ಮರೆಸುವುದಕ್ಕಾಗಿಯೇ. ನನ್ನ ಮಟ್ಟಿಗೆ ವಿನ್ಯಾಸದ ನಿಜವಾದ ಕುಸುರಿ ಇರುವುದು ಇಲ್ಲಿ.

ಇನ್ನು, ಚೆನ್ನಾಗಿದ್ದ ವಿನ್ಯಾಸವನ್ನು ನಾವೇ ಕೆಡಿಸುವುದೂ ಉಂಟು. ಗಾತ್ರ ಕಿರಿದಾಗಿಸುವಾಗ ತಂತ್ರಾಂಶಕ್ಕೆ ಅಂಚಿನಾಚೆ ಚಿತ್ರ ಮುಂದುವರಿಯುತ್ತದೆಂದು ತಿಳಿಯದು. ಅಲ್ಲಿಯ ಬಣ್ಣ ತುಸು ಬೇರೆಯಾಗಿ, ಕೂದಲೆಳೆಯಂಥ ಗೆರೆ ಹುಟ್ಟುತ್ತದೆ. ಒಂಬತ್ತು ಚೌಕಗಳನ್ನು ಮೂರು ಸಾಲಾಗಿ ಹಾಸಿ, ಒಟ್ಟಿಗೇ ಕಿರಿದಾಗಿಸಿ, ನಡುವಿನ ಒಂದನ್ನು ಕತ್ತರಿಸಿಕೊಂಡರೆ ಈ ತೊಂದರೆಯಿಲ್ಲ. ಕಿರಿದಾದ ಚೌಕದ ಅಳತೆ ಮಾತ್ರ ಪೂರ್ಣ ಪಿಕ್ಸೆಲ್‌ಗಳಲ್ಲಿರಬೇಕು. ಜೆಪೆಗ್ ಕಡತವೂ ಚಿತ್ರವನ್ನು 8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು ಕುಗ್ಗಿಸುವುದರಿಂದ ಅಂಚಿನ ಬಣ್ಣ ಅಲ್ಪಸ್ವಲ್ಪ ಬದಲಾಗಬಹುದು; ಸಪಾಟು ಬಣ್ಣದ ವಿನ್ಯಾಸಕ್ಕೆ, ಬಣ್ಣವನ್ನು ಇದ್ದಂತೆಯೇ ಉಳಿಸುವ ಪಿಎನ್‌ಜಿ ಕಡತ ಲೇಸು.

ಮುದ್ರಣದ ಲೆಕ್ಕವೇ ಬೇರೆ. ಇಂಚಿಗೆ 300 ಚುಕ್ಕಿಗಳಂತೆ 12 ಇಂಚಿನ ಕಾಗದಕ್ಕೆ 3600 ಪಿಕ್ಸೆಲ್ ಬೇಕು. ಪರದೆಗೆ ಧಾರಾಳವೆನಿಸುವ 512 ಪಿಕ್ಸೆಲ್‌ನ ಚೌಕ ಕಾಗದದ ಮೇಲೆ 1.7 ಇಂಚಿಗೆ ಮುಗಿದುಹೋಗುತ್ತದೆ. ಚಿತ್ರವನ್ನು ಪಿಕ್ಸೆಲ್‌ಗಳ ಬದಲು ಗೆರೆ, ಆಕಾರಗಳಾಗಿ ಇಡುವ ಎಸ್‌ವಿಜಿ ರೂಪದಲ್ಲಿ ಸಿಕ್ಕರೆ ಎಷ್ಟು ಹಿಗ್ಗಿಸಿದರೂ ಮಸುಕಾಗದು.

ಉಚಿತವಾಗಿ ಇಳಿಸಿಕೊಳ್ಳಬಹುದು ಎಂದ ಮಾತ್ರಕ್ಕೆ ಮಾರುವ ವಸ್ತುವಿನ ಮೇಲೆ ಅಚ್ಚು ಹಾಕಬಹುದು ಎಂದಾಗುವುದಿಲ್ಲ. ಕ್ರಿಯೇಟಿವ್ ಕಾಮನ್ಸ್ (ಸಿಸಿ) ಎಂಬ ಸಾರ್ವಜನಿಕ ಪರವಾನಗಿಗಳಲ್ಲಿ ಸಿಸಿ0 ಎಂದಿದ್ದರೆ ರಚಿಸಿದವರು ಯಾವ ಷರತ್ತನ್ನೂ ಇಟ್ಟಿಲ್ಲ. ಸಿಸಿ ಬೈ ಎಂದಿದ್ದರೆ ಅವರ ಹೆಸರನ್ನು ಹಾಕಲೇಬೇಕು. ಎನ್‌ಸಿ ಎಂಬ ಅಕ್ಷರಗಳು ಸೇರಿದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಚಿತ್ರವನ್ನು ಇಳಿಸಿಕೊಂಡ ದಿನವೇ ಪರವಾನಗಿಯ ಪುಟವನ್ನೂ ಅದೇ ಫೋಲ್ಡರ್‌ನಲ್ಲಿ ಉಳಿಸಿಕೊಳ್ಳಿ.