ಒಂದ ಹಲ್ಲಿನ ಲೆಕ್ಕ

ಜಮಖಂಡಿ ಗ್ಯಾರೇಜಿನ್ಯಾಗ ಇವತ್ತ ಒಂದ ಕಬ್ಬಿನ ಲಾರಿ. ಆರ ಸಿಲಿಂಡರ್ ಇಂಜಿನ್, ಪೂರಾ ಬಿಚ್ಚಿ ಕಟ್ಟ್ಯಾರ. ಸ್ಟಾರ್ಟರ್ ಹೊಡದಾಗೊಮ್ಮೆ ಬಿಳಿ ಹೊಗಿ, ಚಾಲೂ ಮಾತ್ರ ಆಗವಲ್ದು.

ಎಲ್ಲಾರ ಕೈ ಮೊದಲ ಡೀಸೆಲ್ ಪಂಪಿಗೇ ಹೋಗತೈತಿ. ಹೊರಗ ಕೈಗೆ ಸಿಗೂದು ಅದ, ಹಂಗಾಗಿ ತಪ್ಪೂ ಅದರದ್ದ!

ಆದ್ರ ಅದಕ್ಕೂ ಮೊದಲ ಕ್ಯಾಮ್, ಅಂದ್ರ ವಾಲ್ವ್ ತಗದು ಮುಚ್ಚೂ ದಂಡ, ಸರಿ ಕುಂತೈತೇನ ನೋಡಬೇಕು. ಅದನ್ನ ನೋಡೂದು ಸುಲಭ ಐತ್ರಿ. ಟ್ಯಾಪೆಟ್ ಕವರ್ ಬಿಚ್ಚಿ, ಬಾರ್ ಹಾಕಿ ಕೈಲೇ ತಿರುವ್ರಿ. ಒಂದನೇ ಪಿಸ್ಟನ್ ಪೂರಾ ಮ್ಯಾಲ ಬಂದು ಅದರ ಎರಡೂ ರಾಕರ್ (ವಾಲ್ವ್ ಒತ್ತೂ ತೋಳು) ಸಡ್ಲ ಇದ್ದಾಗ, ಆರನೇದ್ರ ವಾಲ್ವ್ ತೂಗಬೇಕು. ಎಕ್ಸಾಸ್ಟ್ ಮುಚ್ಚಾಕ್ಹತ್ತಿರತೈತಿ, ಇನ್‌ಲೆಟ್ ತಗ್ಯಾಕ್ಹತ್ತಿರತೈತಿ. ಆ ತೂಗು ಫ್ಲೈವೀಲ್ ಮಾರ್ಕ್ ಬಿಟ್ಟು ದೂರ ಬಿತ್ತಂದ್ರ ಗೇರ್ ಹಲ್ಲ ತಪ್ಪೇತಿ.

ಒಂದ ಹಲ್ಲ ಏನ ಮಹಾ ಅನಬ್ಯಾಡ್ರಿ. ಪಿಸ್ಟನ್ ತಿರುವೂ ಕ್ರ್ಯಾಂಕ್ ದಂಡದ ಗೇರಿಗೆ 28, ಕ್ಯಾಮ್ ಗೇರಿಗೆ 56 ಹಲ್ಲ ಇದ್ರ, ಒಂದ ಹಲ್ಲಿಗೆ ಕ್ರ್ಯಾಂಕ್ ಲೆಕ್ಕದಾಗ ಸುಮಾರು 13 ಡಿಗ್ರಿ. ಕ್ಯಾಮ್ ಅಷ್ಟ ಹಿಂದ ಬಿದ್ರ ಇನ್‌ಲೆಟ್ ತಡಾ ಮುಚ್ಚತೈತಿ, ಗಾಳಿ ತಿರುಗಿ ಹೊರಗ ಹೋಗತೈತಿ, ಕಂಪ್ರೆಷನ್ ಬೀಳತೈತಿ. ಡೀಸೆಲ್ ಸುಡದ ಬಿಳಿ ಹೊಗಿ ಆಗಿ ಬರತೈತಿ. ಇನ್ನೂ ಹೆಚ್ಚ ತಪ್ಪಿದ್ರ ವಾಲ್ವ್ ಪಿಸ್ಟನ್ನಿಗೆ ಬಡದು ಪುಶ್ ರಾಡ್ ಬಾಗತಾವ. ಅದಕ್ಕ, ಕೈಲೇ ಎರಡ ಸುತ್ತ ತಿರುವದ ಸ್ಟಾರ್ಟರ್ ಮುಟ್ಟಬಾರದು.

ಹಾಂ, ಕ್ರ್ಯಾಂಕ್, ಕ್ಯಾಮ್ ಗೇರಿನ ನಡುವ ತಿರುವು ದಾಟಿಸೂ ಐಡ್ಲರ್ ಗೇರ್ ಇದ್ರ, ಎರಡ ಸುತ್ತಿಗೆ ಅದರ ಮ್ಯಾಲಿನ ಜೋಡಣಿ ಮಾರ್ಕ್ ಮತ್ತ ಕೂಡೂದಿಲ್ಲ, ಭಾಳ ಸುತ್ತ ಬೇಕು. ಇದನ್ನ ನೋಡಿ ಗಾಬರ್ಯಾಗಿ ಸರಿ ಇದ್ದದ್ದನ್ನೂ ಬಿಚ್ಚತಾರ.

ಸಂಜಿಗೆ ಮುಂದಿನ ಕವರ್ ಬಿಚ್ಚಿದ್ರು. ಗೇರಿನ ಮಾರ್ಕ್ ಚುಕ್ಕಿ ಒಂದ ಹಲ್ಲ ಬಾಜೂಕ ಕುಂತಿತ್ತು, ಮ್ಯಾಲ ದಪ್ಪಂಗ ಗ್ರೀಸ್.